ಅಕ್ಕಿ ಕಳೆದು ಉಳಿದ ₹53.60

ಒಬ್ಬ ವಯಸ್ಕರಿಗೆ ಒಂದು ದಿನ ಹೊಟ್ಟೆ ತುಂಬಿ, ಮೈಗೂ ಹತ್ತುವಂಥ ಊಟಕ್ಕೆ ತಗಲುವ ಖರ್ಚು ₹64.85. ಅದರಲ್ಲಿ ಅಕ್ಕಿ, ರಾಗಿ, ಜೋಳದ ಪಾಲು ₹11.25 ಮಾತ್ರ. ರೇಷನ್ ಅಂಗಡಿಯಲ್ಲಿ ಪುಕ್ಕಟೆ ಸಿಗುವುದು ಈ ₹11.25ರ ಬಾಬು. ಉಳಿದ ₹53.60 ಮನೆಯವರೇ ಹೊಂದಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಹಸಿವಿನ ವಿಷಯ ಬಂದಾಗಲೆಲ್ಲ ಜಗಳ ನಡೆಯುವುದು ಐದು ಕೆಜಿಯೋ ಏಳು ಕೆಜಿಯೋ ಹತ್ತು ಕೆಜಿಯೋ ಎಂದು. ಅಂದರೆ ತಟ್ಟೆಯ ಆರನೇ ಒಂದು ಪಾಲಿನ ಮೇಲೆ.

ಈ ₹64.85 ಎಲ್ಲಿಂದ ಬಂತು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೊಕ್ಯಾಲರಿಯ ಒಂದು ದಿನದ ತಟ್ಟೆಯ ತೂಕ ಕೊಟ್ಟಿದ್ದಾರೆ. ತೂಕ ಅವರದು, ದರ ನಾನು ಹಿಡಿದದ್ದು. ಬೇಕೆಂದೇ ಅಗ್ಗದ ಕಡೆಗೇ ಹಿಡಿದಿದ್ದೇನೆ.

ಅಕ್ಕಿ, ರಾಗಿ, ಜೋಳ 250 ಗ್ರಾಂ, ಕೆಜಿಗೆ ₹45ರಂತೆ: ₹11.25
ಬೇಳೆಕಾಳು 85 ಗ್ರಾಂ, ₹120ರಂತೆ: ₹10.20
ಹಾಲು, ಮೊಸರು 300 ಮಿ.ಲೀ., ಲೀಟರಿಗೆ ₹46ರಂತೆ: ₹13.80
ತರಕಾರಿ, ಸೊಪ್ಪು 400 ಗ್ರಾಂ, ₹40ರಂತೆ: ₹16.00
ಹಣ್ಣು 100 ಗ್ರಾಂ, ₹50ರಂತೆ: ₹5.00
ಕಡಲೆಬೀಜ 35 ಗ್ರಾಂ, ₹130ರಂತೆ: ₹4.55
ಎಣ್ಣೆ 27 ಗ್ರಾಂ, ₹150ರಂತೆ: ₹4.05

ಉಪ್ಪು, ಹುಣಸೆಹಣ್ಣು, ಖಾರದಪುಡಿ, ಟೀ, ಸಕ್ಕರೆ, ಗ್ಯಾಸು ಇದರಲ್ಲಿ ಇಲ್ಲ. ಹಾಲಿನ ದರ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಂದಿನಿ ನೀಲಿ ಪ್ಯಾಕೆಟ್ಟಿನದು. ಹಣ್ಣು ಎಂದರೆ ಬಾಳೆಹಣ್ಣು, ಸೇಬು ಅಲ್ಲ. ತರಕಾರಿಗೆ ₹40 ಎನ್ನುವುದು ಬದನೆ, ಕುಂಬಳ, ಮೂಲಂಗಿ, ದಂಟಿನ ಸೊಪ್ಪು ಸಲೀಸಾಗಿ ಸಿಗುವ ತಿಂಗಳ ಮಾತು. ಬೀನ್ಸ್ ಕೊಳ್ಳುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲಿ. ಬೇಳೆ ನ್ಯಾಯವಾಗಿ ₹120ಕ್ಕಿಂತ ಇಳಿಯಬಾರದು, ಏಕೆಂದರೆ 2025-26ಕ್ಕೆ ಕೇಂದ್ರ ನಿಗದಿ ಮಾಡಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ ₹8,000. ನೂರು ಕೆಜಿ ತೊಗರಿ ಗಿರಣಿಗೆ ಹಾಕಿದರೆ ಸುಮಾರು 70 ಕೆಜಿ ಬೇಳೆ ಬರುತ್ತದೆ. ಹಾಗಾಗಿ ರೈತನಿಗೆ ನ್ಯಾಯವಾದ ಬೆಲೆ ಸಿಕ್ಕರೆ ಕಲಬುರಗಿಯ ಗಿರಣಿ ಬಾಗಿಲಲ್ಲೇ ಬೇಳೆಯ ಅಸಲು ಕೆಜಿಗೆ ₹114 ದಾಟುತ್ತದೆ. ಮೇಲೆ ಲಾರಿ ಬಾಡಿಗೆ, ಸಗಟು, ಚಿಲ್ಲರೆ ಎಲ್ಲ ಸೇರಬೇಕು. ಪೇಟೆಯಲ್ಲಿ ಬೇಳೆ ಇದಕ್ಕಿಂತ ಅಗ್ಗವಾದ ವರ್ಷ ನಷ್ಟ ತೊಗರಿ ಬೆಳೆದವನದು.

ಇನ್ನು ಅಕ್ಕಿಯ ಲೆಕ್ಕ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕಾರ್ಡಿಗೆ ತಲೆ ಎಣಿಸದೆ 35 ಕೆಜಿ ಧಾನ್ಯ. ಮೊದಲು ಅಕ್ಕಿಗೆ ಕೆಜಿಗೆ ₹3 ಇತ್ತು. 2023ರ ಜನವರಿಯಿಂದ ಅದೂ ಇಲ್ಲ. ಕರ್ನಾಟಕದಲ್ಲಿ ಈ ಕಾಯ್ದೆಯ ವ್ಯಾಪ್ತಿಗೆ ಬರುವವರು ಸುಮಾರು 4.02 ಕೋಟಿ: ಹಳ್ಳಿಗಳ ಶೇ 76.04, ಪಟ್ಟಣಗಳ ಶೇ 49.36. ಆದರೆ ಈ ಶೇಕಡಾವಾರು ಲೆಕ್ಕ ನಿಂತಿರುವುದು 2011ರ ಜನಗಣತಿಯ ಮೇಲೆ. ಆ ವರ್ಷ ಹುಟ್ಟಿದ ಮಗು ಈಗ ಹೈಸ್ಕೂಲು ಮೆಟ್ಟಿಲು ಹತ್ತಿದೆ, ಮಿತಿ ಮಾತ್ರ ಇದ್ದಲ್ಲೇ ಇದೆ.

ರಾಜ್ಯದ ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾದಾಗ ಕೆಜಿಗೆ ₹1ರಂತೆ, ಮೂರು ಅಥವಾ ಹೆಚ್ಚು ಜನರಿರುವ ಮನೆಗೆ 30 ಕೆಜಿ. ಮುಂದೆ ಪುಕ್ಕಟೆಯಾಯಿತು, ತಲೆಗೆ 7 ಕೆಜಿಯಾಯಿತು, 5ಕ್ಕೆ ಇಳಿಯಿತು. 2023ರಲ್ಲಿ 10 ಕೆಜಿ ಕೊಡುತ್ತೇವೆಂದು ಹೊಸ ಸರ್ಕಾರ ಹೊರಟಾಗ ಹೆಚ್ಚುವರಿಯಾಗಿ ತಿಂಗಳಿಗೆ 2.28 ಲಕ್ಷ ಟನ್ ಅಕ್ಕಿ ಬೇಕಾಯಿತು. ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಅಕ್ಕಿಯ ಬದಲು ಕೆಜಿಗೆ ₹34ರಂತೆ ತಲೆಗೆ ₹170 ಮನೆಯ ಯಜಮಾನಿಯ ಖಾತೆಗೆ ಬೀಳತೊಡಗಿತು.

ಈ ₹170 ಬಗ್ಗೆ ಆಗ ಆಡಿಕೊಂಡವರು ಬಹಳ. ಚಿಲ್ಲರೆ ಅಂಗಡಿಯಲ್ಲಿ ಅಷ್ಟಕ್ಕೆ ನಾಲ್ಕು ಕೆಜಿ ಅಕ್ಕಿಯೂ ಬರುತ್ತಿರಲಿಲ್ಲ ಎಂಬುದು ನಿಜ. ಆದರೆ ತಟ್ಟೆಯ ಲೆಕ್ಕದಲ್ಲಿ ನೋಡಿದರೆ ಅದೇ ₹170ಕ್ಕೆ ಒಬ್ಬರಿಗೆ 16 ದಿನದ ಬೇಳೆ ಬರುತ್ತದೆ, ಇಲ್ಲವೇ 12 ದಿನದ ಹಾಲು. ಅಕ್ಕಿ ಸಿಗದೆ ಅನಿವಾರ್ಯಕ್ಕೆ ಕೊಟ್ಟ ಹಣ, ಅಕ್ಕಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದಾಗಿತ್ತು. ಎಷ್ಟು ಮನೆಗಳಲ್ಲಿ ಅದು ಬೇಳೆಯಾಯಿತು, ಎಷ್ಟರಲ್ಲಿ ಸಂಘದ ಸಾಲದ ಕಂತಿಗೆ ಹೋಯಿತು ಎನ್ನುವುದು ಬೇರೆ ಮಾತು. 2025ರ ಆರಂಭದಲ್ಲಿ ಕೇಂದ್ರ ರಾಜ್ಯಗಳಿಗೆ ಕೆಜಿಗೆ ₹22.50ರಂತೆ ಅಕ್ಕಿ ಕೊಡಲು ಒಪ್ಪಿತು, ಫೆಬ್ರುವರಿಯಿಂದ ಹಣ ನಿಂತು ಅಕ್ಕಿ ಬಂತು. ಅದೇ 2.28 ಲಕ್ಷ ಟನ್ನಿಗೆ ₹34ರ ದರದಲ್ಲಿ ತಿಂಗಳಿಗೆ ₹775 ಕೋಟಿ, ₹22.50ರಲ್ಲಿ ₹513 ಕೋಟಿ. ಖಜಾನೆಗೆ ಅಕ್ಕಿಯೇ ಅಗ್ಗ. ಹಣ ಯಾಕೆ ನಿಂತಿತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಆದರೆ ಪೋಷಣಾ ಸಂಸ್ಥೆಯ ತಟ್ಟೆ ಕೇಳುವುದು ತಿಂಗಳಿಗೆ ಏಳೂವರೆ ಕೆಜಿ ಧಾನ್ಯ. ಹತ್ತು ಕೆಜಿ ಕೊಟ್ಟರೆ ಎರಡೂವರೆ ಕೆಜಿ ಹೆಚ್ಚಾಯಿತು. ಕಲ್ಲು ಒಡೆಯುವವರಿಗೆ, ನಾಟಿ ಹಾಕುವವರಿಗೆ 2000 ಕಿಲೊಕ್ಯಾಲರಿ ಎಲ್ಲಿಗೂ ಸಾಲದು, ಅವರು ಹತ್ತನ್ನೂ ಉಣ್ಣುತ್ತಾರೆ. ಆದರೆ ಗಂಡ, ಹೆಂಡತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳಿರುವ ಮನೆಯನ್ನು ತೆಗೆದುಕೊಳ್ಳಿ. ಮಕ್ಕಳಿಬ್ಬರದೂ ಸೇರಿ ಒಂದೂವರೆ ತಟ್ಟೆ ಎಂದು ಹಿಡಿದರೆ ಒಟ್ಟು ಮೂರೂವರೆ ತಟ್ಟೆ, ತಿಂಗಳಿಗೆ 26.25 ಕೆಜಿ ಧಾನ್ಯ. ತಲೆಗೆ ಹತ್ತರಂತೆ ಕಾರ್ಡಿನ ಮೇಲೆ ಬರುವುದು 40 ಕೆಜಿ. ಮಿಕ್ಕ ಅಕ್ಕಿ ದೋಸೆ, ಇಡ್ಲಿಗಾದೀತು, ಕೋಳಿಗಾದೀತು, ಇಲ್ಲವೇ ಬಾಗಿಲಿಗೇ ಬರುವ ಗಾಡಿಯವನಿಗಾದೀತು. ರೇಷನ್ ಅಕ್ಕಿ ಮಾರಿಕೊಳ್ಳುತ್ತಾರೆ ಎಂದು ಮೂಗು ಮುರಿಯುವವರು ಆ ದುಡ್ಡಿನಲ್ಲಿ ಏನು ಕೊಳ್ಳುತ್ತಾರೆಂದು ಕೇಳಿದ್ದು ಕಡಿಮೆ. ಈರುಳ್ಳಿ, ಎಣ್ಣೆ, ಬೇಳೆ ಅಕ್ಕಿಯಾಗಿ ಹುಟ್ಟಲಾರವು, ಹಾಗಾಗಿ ಅಕ್ಕಿಯನ್ನೇ ಅವುಗಳಾಗಿ ಬದಲಿಸಿಕೊಳ್ಳಬೇಕು.

ಇದೇ ನಾಲ್ವರ ಮನೆಯ ತಿಂಗಳ ಲೆಕ್ಕ ಹೀಗಿದೆ. ಇಡೀ ತಟ್ಟೆಗೆ ₹6,809. ಧಾನ್ಯ ಪೂರ್ತಿ ಪುಕ್ಕಟೆ ಎಂದುಕೊಂಡರೂ ಉಳಿದದ್ದಕ್ಕೆ ₹5,628.

ಯಾರ ಕೈಯಲ್ಲಿ ಇಷ್ಟು ದುಡ್ಡಿದೆ? 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಕರ್ನಾಟಕದಲ್ಲಿ ತಲಾ ತಿಂಗಳ ಖರ್ಚು ₹4,903, ನಗರದಲ್ಲಿ ₹8,076. ಸರಾಸರಿ ಮನೆಗೆ ಈ ತಟ್ಟೆ ನಿಲುಕದ್ದೇನಲ್ಲ. ತೊಂದರೆ ಇರುವುದು ಸರಾಸರಿಯ ಕೆಳಗೆ. ದೇಶದ ಹಳ್ಳಿಗಳ ತೀರಾ ಕೆಳಗಿನ ಶೇ 5 ಜನರ ತಲಾ ಖರ್ಚು ₹1,677. ನಾಲ್ವರ ಮನೆಗೆ ₹6,708. ಇದು ಊಟ, ಬಟ್ಟೆ, ಔಷಧಿ, ಬಸ್ಸು, ಮೊಬೈಲು ಎಲ್ಲ ಸೇರಿ. ಇಡೀ ತಟ್ಟೆಯ ಬೆಲೆ ಇದಕ್ಕಿಂತ ₹101 ಜಾಸ್ತಿ. ಆ ₹1,677ರಲ್ಲಿ ಪುಕ್ಕಟೆ ಧಾನ್ಯದ ಬೆಲೆ ಸೇರಿಲ್ಲ, ಹಾಗಾಗಿ ಧಾನ್ಯ ಕಳೆದೇ ಹೋಲಿಸುವುದು ನ್ಯಾಯ. ಕಳೆದರೆ ₹1,080 ಉಳಿಯುತ್ತದೆ, ತಲೆಗೆ ₹270. ತಿಂಗಳಿಡೀ ಊಟ ಬಿಟ್ಟು ಉಳಿದೆಲ್ಲಕ್ಕೂ ₹270. ಸಮೀಕ್ಷೆ ನಡೆದ ಮೇಲೆ ಬೆಲೆಗಳೂ ಕೂಲಿಯೂ ಏರಿವೆ, ಅಂತರ ಅಷ್ಟಿಷ್ಟು ಹೆಚ್ಚುಕಡಿಮೆ ಆದೀತು. ಆದರೂ ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ ಮೊದಲು ಕತ್ತರಿ ಬೀಳುವುದು ಹಾಲಿಗೆ, ಆಮೇಲೆ ತರಕಾರಿಗೆ. ಬೇಳೆ ತೆಳ್ಳಗಾಗುತ್ತಾ ಹೋಗಿ ಕೊನೆಗೆ ತಿಳಿಸಾರು ಉಳಿಯುತ್ತದೆ. ಅನ್ನ ಮಾತ್ರ ಎಂದಿನಷ್ಟೇ ಇರುತ್ತದೆ, ನೋಡಿದವರಿಗೆ ಊಟ ಆದಂತೆಯೇ ಕಾಣುತ್ತದೆ.

ಕೂಲಿಯ ಕಡೆಯಿಂದ ನೋಡೋಣ. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ (ನರೇಗಾ) ಕೂಲಿ ದಿನಕ್ಕೆ ₹370 ಇತ್ತು. ₹5,628 ದುಡಿಯಲು 15 ದಿನಕ್ಕೂ ಹೆಚ್ಚಿನ ಕೂಲಿ ಬೇಕು, ಪ್ರತಿ ತಿಂಗಳೂ. ನರೇಗಾ ಕಾಯ್ದೆ ಕೊಟ್ಟಿದ್ದ ಮಾತು ಮನೆಗೆ ವರ್ಷಕ್ಕೆ 100 ದಿನ. ದೇಶದ ಸರಾಸರಿಯಲ್ಲಿ ಸಿಗುತ್ತಾ ಬಂದದ್ದು ಹೆಚ್ಚುಕಡಿಮೆ ಅದರ ಅರ್ಧ. ಪೂರಾ 100 ದಿನ ಸಿಕ್ಕರೂ ₹37,000. ಧಾನ್ಯ ಬಿಟ್ಟು ತಟ್ಟೆಯ ವರ್ಷದ ಖರ್ಚು ₹67,536.

ಬಿಪಿಎಲ್ ಕಾರ್ಡಿನ ಗೆರೆ ಇರುವುದು ವರ್ಷಕ್ಕೆ ₹1.20 ಲಕ್ಷ ಆದಾಯದಲ್ಲಿ, ಅಂದರೆ ತಿಂಗಳಿಗೆ ₹10,000. ಸರಿಯಾಗಿ ಗೆರೆಯ ಮೇಲೆ ನಿಂತ ಮನೆಯ ಆದಾಯದಲ್ಲಿ ಶೇ 56 ಅಕ್ಕಿಯಿಲ್ಲದ ತಟ್ಟೆಗೇ ಹೋಗುತ್ತದೆ. ₹10,500 ಗಳಿಸಿ ಕಾರ್ಡು ಕಳೆದುಕೊಂಡ ಮನೆ ಶೇ 65 ಕೊಡಬೇಕು. ಐನೂರು ರೂಪಾಯಿ ಹೆಚ್ಚು ದುಡಿದದ್ದಕ್ಕೆ ₹1,181ರ ಧಾನ್ಯ ಹೋಯಿತು. ಅನರ್ಹರ ಕಾರ್ಡು ರದ್ದು ಎಂಬ ಸುದ್ದಿ ಬಂದಾಗೆಲ್ಲ ತಾಲ್ಲೂಕು ಕಚೇರಿ ಮುಂದೆ ಸಾಲು ನಿಲ್ಲುವುದು ಕಾರು ಇಟ್ಟುಕೊಂಡವರಲ್ಲ, ಈ ಗೆರೆಯ ಆಚೀಚೆ ಇರುವವರು. ಕಾರ್ಡು ಆಸ್ಪತ್ರೆ ಚಿಕಿತ್ಸೆಗೂ ಬೇಕು, ಅಕ್ಕಿಗಿಂತ ಆ ಭಯವೇ ದೊಡ್ಡದು.

ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಕಾರ್ಡು ಊರಲ್ಲೇ ಇರುತ್ತದೆ, ಆ ಅಕ್ಕಿಯಲ್ಲಿ ಊರಲ್ಲುಳಿದ ಮುದುಕರ ಊಟ. ಯಾವ ಅಂಗಡಿಯಲ್ಲಾದರೂ ಬೆರಳು ಒತ್ತಿ ಧಾನ್ಯ ಪಡೆಯಬಹುದು ಎನ್ನುವ ನಿಯಮ ಇದೆ, ಆದರೆ ಇಲ್ಲಿ ಪಡೆದಷ್ಟು ಅಲ್ಲಿಗೆ ಇಲ್ಲ. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ ₹5, ಮಧ್ಯಾಹ್ನ ರಾತ್ರಿ ಊಟಕ್ಕೆ ತಲಾ ₹10. ಮೂರು ಹೊತ್ತಿಗೆ ₹25 ಎಂದರೆ ಶೆಡ್ಡಿನಲ್ಲಿ ಒಲೆ ಹಚ್ಚುವುದಕ್ಕಿಂತ ಅಗ್ಗ. ಕ್ಯಾಂಟೀನು ಹತ್ತಿರವಿರಬೇಕು, ಅಷ್ಟೇ.

ಒಂದು ಶಾಲೆಯ ಅಡುಗೆಮನೆಯ ಲೆಕ್ಕ ಇನ್ನಷ್ಟು ಹತ್ತಿರದಿಂದ ನೋಡತಕ್ಕದ್ದು. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಧಾನ್ಯ ಕೇಂದ್ರದಿಂದ ಬರುತ್ತದೆ. ಉಳಿದದ್ದಕ್ಕೆ 2025ರ ಮೇ ತಿಂಗಳಿಂದ ಮಗುವಿಗೆ ₹6.78. ನಮ್ಮ ಅಗ್ಗದ ದರಗಳನ್ನೇ ಹಾಕಿದರೆ ಬೇಳೆಗೆ ₹2.40, ತರಕಾರಿಗೆ ₹2, ಎಣ್ಣೆಗೆ 75 ಪೈಸೆ. ಒಟ್ಟು ₹5.15. ಉಳಿದ ₹1.63ರಲ್ಲಿ ಉಪ್ಪು, ಹುಳಿ, ಸಾಂಬಾರುಪುಡಿ, ಒಗ್ಗರಣೆ, ಗ್ಯಾಸು. ಮಳೆ ಹೆಚ್ಚಾಗಿ ತರಕಾರಿ ಕೆಜಿಗೆ ₹70 ಆದ ವಾರ ಉಳಿಯುವುದು 13 ಪೈಸೆ. ಆ ವಾರ ಸಾಂಬಾರಿನಲ್ಲಿ ಆಲೂಗಡ್ಡೆ ಯಾಕೆ ಈಜುತ್ತಿತ್ತು ಎಂದು ಮುಖ್ಯ ಶಿಕ್ಷಕರನ್ನು ಕೇಳುವ ಮೊದಲು ಈ 13 ಪೈಸೆ ನೆನಪಿರಲಿ.

ಮೊಟ್ಟೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮೊಟ್ಟೆಯೊಂದಕ್ಕೆ ಶಾಲೆಗೆ ಸಿಗುವುದು ₹6: ಕೊಳ್ಳಲು ₹5.20, ಬೇಯಿಸುವ ಗ್ಯಾಸಿಗೆ 50 ಪೈಸೆ, ಸಿಪ್ಪೆ ಸುಲಿಯುವವರಿಗೆ 30 ಪೈಸೆ. ಪೇಟೆಯಲ್ಲಿ ಮೊಟ್ಟೆ ಆರೂವರೆಯೋ ಏಳೋ ಆದಾಗ ಮೇಲಿನ ದುಡ್ಡು ಬೀಳುವುದು ಶಿಕ್ಷಕರ ಜೇಬಿನಿಂದ. ಹಾಗಿದ್ದೂ, 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನವಾದದ್ದು, ನನ್ನ ಲೆಕ್ಕದಲ್ಲಿ, ಈ ದಶಕದಲ್ಲಿ ರಾಜ್ಯದ ಬಡ ಮಕ್ಕಳ ತಟ್ಟೆಗೆ ಬಿದ್ದ ಅತಿ ಒಳ್ಳೆಯ ವಸ್ತು. ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣದ ಎದುರು ಮೊಟ್ಟೆ ಗೆಲ್ಲುವುದು ಶಾಲೆಯಲ್ಲಿ ಮಾತ್ರ. ಮನೆಯಲ್ಲಿ ಗೆಲ್ಲುವುದು ಬಿಸ್ಕತ್ತೇ: 2022-23ರ ಸಮೀಕ್ಷೆಯಲ್ಲಿ ದೇಶದ ಹಳ್ಳಿಗರ ಖರ್ಚಿನಲ್ಲಿ ಧಾನ್ಯದ ಪಾಲು ಶೇ 4.91 ಇದ್ದರೆ ಪಾನೀಯ ಮತ್ತು ಸಿದ್ಧ ತಿನಿಸಿನ ಪಾಲು ಶೇ 9.62.

ಮೈಯ ಲೆಕ್ಕ ಏನು ಹೇಳುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 35.4, ತಕ್ಕ ತೂಕವಿಲ್ಲದವರು ಶೇ 32.9. ರಕ್ತಹೀನತೆ ಮಕ್ಕಳಲ್ಲಿ ಶೇ 65.5, ಹೆಂಗಸರಲ್ಲಿ ಶೇ 47.8. ಹಿಂದಿನ ಸಮೀಕ್ಷೆಯಲ್ಲಿ ಇವು ಶೇ 60.9 ಮತ್ತು 44.8 ಇದ್ದವು. ಅಕ್ಕಿ ಪುಕ್ಕಟೆಯಾದ ವರ್ಷಗಳಲ್ಲೇ ರಕ್ತಹೀನತೆ ಏರಿದೆ. ಅಕ್ಕಿಯಿಂದಲೇ ಏರಿತು ಎನ್ನಲಾಗದು. ಅಕ್ಕಿಯಿಂದ ಇಳಿಯಲಿಲ್ಲ ಎಂಬುದಂತೂ ಖರೆ.

ಕಾರಣ ಧಾನ್ಯದ ಒಳಗೇ ಇದೆ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಕಬ್ಬಿಣಾಂಶ ಸುಮಾರು 0.65 ಮಿ.ಗ್ರಾಂ. ತಿಂಗಳಿಗೆ ಹತ್ತು ಕೆಜಿಯನ್ನು ಪೂರಾ ಉಂಡ ಹೆಂಗಸಿಗೆ ದಿನಕ್ಕೆ ಸಿಗುವುದು 2.2 ಮಿ.ಗ್ರಾಂ, ಬೇಕಾದ್ದು 29. ರಾಗಿಯಲ್ಲಿ ಇದು 100 ಗ್ರಾಮಿಗೆ 4.6 ಮಿ.ಗ್ರಾಂ, ಸುಣ್ಣದಂಶ 364 ಮಿ.ಗ್ರಾಂ. ಹಳೇ ಮೈಸೂರು ಭಾಗದ ರೇಷನ್ನಿನಲ್ಲಿ ಒಂದಿಷ್ಟು ರಾಗಿಯೂ ಬಡಗಣ ಜಿಲ್ಲೆಗಳಲ್ಲಿ ಜೋಳವೂ ಸೇರಿದೆ, ಒಳ್ಳೆಯದು. ಆದರೆ ರಾಗಿಯ ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಲಿಗೆ ₹4,886, ಕೆಜಿಗೆ ₹22.50ರ ಅಕ್ಕಿಯ ಎದುರು ಖಜಾನೆಯವರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ.

ಸರ್ಕಾರ ಕಂಡುಕೊಂಡ ದಾರಿ ಸಾರವರ್ಧಿತ ಅಕ್ಕಿ. ನೂರು ಕಾಳಿಗೆ ಒಂದರಂತೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳು ಬೆರೆಸತೊಡಗಿದರು. ನಿಯಮದಂತೆ ಕೆಜಿಗೆ ಕನಿಷ್ಠ 28 ಮಿ.ಗ್ರಾಂ ಕಬ್ಬಿಣಾಂಶ ಇರಬೇಕು, ಅಂದರೆ ದಿನದ ಪಾಲಿನಲ್ಲಿ 9 ಮಿ.ಗ್ರಾಂ ಮೇಲೆ. ಕಾಗದದ ಮೇಲೆ ಇದು ದೊಡ್ಡ ಜಿಗಿತ. ಆದರೆ ಮೊರ ಹಿಡಿದು ಅಕ್ಕಿ ಆರಿಸುವಾಗ ಆ ಕಾಳು ಬೇರೆಯಾಗಿ ಕಾಣುತ್ತದೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಮಾನಿ ಊರೂರಿಗೆ ಹಬ್ಬಿತು. ಎಷ್ಟೋ ಮನೆಗಳಲ್ಲಿ ಅವನ್ನೇ ಒಂದೊಂದಾಗಿ ಹೆಕ್ಕಿ ತಿಪ್ಪೆಗೆ ಎಸೆಯುತ್ತಾರೆ. ಔಷಧಿ ಬೆರೆಸಿದವರು ಅಂಗಡಿಯಲ್ಲಿ ಒಂದು ಮಾತು ಹೇಳಿ ಕೊಟ್ಟಿದ್ದರೆ ಸಾಕಿತ್ತು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮನೆಯ ಆಹಾರ ಅಭದ್ರತೆಯನ್ನು ಅಳೆಯುವುದು ಎಂಟು ಪ್ರಶ್ನೆಗಳಿಂದ. ಕಳೆದ ಹನ್ನೆರಡು ತಿಂಗಳಲ್ಲಿ ದುಡ್ಡಿಲ್ಲದೆ ಊಟದ ಚಿಂತೆಯಾಯಿತೇ, ಪುಷ್ಟಿಯ ಆಹಾರ ತಪ್ಪಿತೇ, ಒಂದೆರಡು ಬಗೆಯದ್ದನ್ನೇ ತಿಂದಿರೇ ಎಂದು ಶುರುವಾಗಿ, ಹೊತ್ತು ಬಿಟ್ಟದ್ದು, ಕಮ್ಮಿ ತಿಂದದ್ದು, ಮನೆಯಲ್ಲಿ ದಿನಸಿ ಮುಗಿದದ್ದು, ಹಸಿದರೂ ಉಣ್ಣದ್ದು, ದಿನವಿಡೀ ಉಪವಾಸ ಇದ್ದದ್ದರವರೆಗೆ ಹೋಗುತ್ತದೆ. ಅನ್ನಭಾಗ್ಯದ ಮನೆಗಳಲ್ಲಿ ಹೆಚ್ಚಿನವು ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದಾವು, ಇದು ಸಣ್ಣ ಸಾಧನೆಯಲ್ಲ. ಮೊದಲ ಮೂರಕ್ಕೆ ‘ಹೌದು’ ಎನ್ನುವವರನ್ನು ನಾವು ಹಸಿದವರ ಪಟ್ಟಿಗೆ ಸೇರಿಸುವುದೇ ಇಲ್ಲ. ಪೌಷ್ಟಿಕ ಊಟ ಕೊಳ್ಳಲಾರದ ಭಾರತೀಯರು ಶೇ 74.1 ಎಂದು ವಿಶ್ವಸಂಸ್ಥೆಯ 2023ರ ವರದಿ, ಶೇ 55.6 ಎಂದು 2024ರದ್ದು. ಒಂದು ವರ್ಷದಲ್ಲಿ ದೇಶ ಉದ್ಧಾರವಾಗಲಿಲ್ಲ, ಲೆಕ್ಕ ಹಾಕುವ ಕ್ರಮ ಬದಲಾಯಿತು. ಎರಡನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ, ಈ ಎರಡರಲ್ಲಿ ಚಿಕ್ಕದನ್ನೇ ಹಿಡಿದರೂ ಆಗ ಅರ್ಧ ದಾಟಿತ್ತು.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ದಿಕ್ಕು ಸರಿಯಾಗಿದೆ. ನಮ್ಮ ನಾಲ್ವರ ಮನೆಗೆ ಆಗ 20 ಕೆಜಿ ಧಾನ್ಯ ಬರುತ್ತದೆ, ಕೊರತೆಯಾಗುವ ಆರೂಕಾಲು ಕೆಜಿಗೆ ₹281 ಕೈಯಿಂದ ಹಾಕಬೇಕು. ಕಿಟ್ಟಿನ ಬೇಳೆ-ಎಣ್ಣೆ ಅದಕ್ಕಿಂತ ಹೆಚ್ಚು ಬೆಲೆ ಬಾಳಿದರೆ ಮನೆಗೆ ಲಾಭ. ಆದರೆ ಹಾಲು, ತರಕಾರಿ, ಹಣ್ಣು ಸೇರಿ ತಟ್ಟೆಯ ₹34.80, ಅಂದರೆ ಅರ್ಧಕ್ಕೂ ಹೆಚ್ಚು, ಗೋಣಿಚೀಲದಲ್ಲಿ ನಿಲ್ಲುವ ಪದಾರ್ಥವಲ್ಲ. ಯಾವ ರೇಷನ್ ಅಂಗಡಿಯ ತಕ್ಕಡಿಗೂ ಅವು ಬರಲಾರವು.

ಅವು ಸರ್ಕಾರದ ಕೈಯಿಂದ ಬಡವರ ಬಾಯಿಗೆ ಹೋಗುವುದು ಬಹುಪಾಲು ಅಂಗನವಾಡಿ ಮತ್ತು ಶಾಲೆಯ ಅಡುಗೆಮನೆಯ ಮೂಲಕ. ಪ್ರಾಥಮಿಕ ಶಾಲೆಯ ಮಗುವಿಗೆ ಊಟದ ₹6.78, ಮೊಟ್ಟೆಯ ₹6, ಕ್ಷೀರಭಾಗ್ಯದ 150 ಮಿ.ಲೀ. ಹಾಲಿಗೆ ಪ್ಯಾಕೆಟ್ ದರದಲ್ಲಿ ₹6.90 ಸೇರಿದರೆ ಧಾನ್ಯ ಬಿಟ್ಟು ಒಂದು ದಿನಕ್ಕೆ ₹19.68. 2023ರ ಬರದಲ್ಲಿ 223 ತಾಲ್ಲೂಕುಗಳು ಬರಪೀಡಿತವಾದಾಗ ಮುಂದಿನ ಬೇಸಿಗೆ ರಜೆಯಲ್ಲೂ ಒಲೆ ಆರಲಿಲ್ಲ. ರಾಜ್ಯದಲ್ಲಿ ಹತ್ತನೇ ತರಗತಿವರೆಗೂ ಊಟ, ಮೊಟ್ಟೆ, ಹಾಲು ನಡೆಯುತ್ತವೆ. ಪಿಯುಸಿಗೆ ಸೇರಿದ ಹುಡುಗಿಗೆ ಮೂರೂ ಇಲ್ಲ. ಹದಿಮೂರರಿಂದ ಹದಿನೈದರ ವಯಸ್ಸಿನಲ್ಲಿ ಅವಳಿಗೆ ದಿನಕ್ಕೆ 30 ಮಿ.ಗ್ರಾಂ ಕಬ್ಬಿಣಾಂಶ ಸಾಕಿತ್ತು, ಹದಿನಾರರಿಂದ 32 ಬೇಕು.